ಕ್ರೈಸ್ತ ಅಳಿಯ ತೀರ್ಥ-ಪ್ರಸಾದ ಬೇಡ ಎಂದರೆ ದೋಷವೇ?

ಪ್ರಶ್ನೆ: ನಮ್ಮ ಒಬ್ಬಳೇ ಮಗಳು ತನ್ನ ಜೊತೆ ಕೆಲಸ ಮಾಡುವ ಕ್ರೈಸ್ತ ಹುಡುಗನನ್ನು ಮದುವೆಯಾಗಿ ಎರಡು ವರ್ಷವಾಯಿತು. ಹುಡುಗ ಗುಣವಂತ, ನಮ್ಮನ್ನು ಹೆತ್ತವರಂತೆ ಕಾಣುತ್ತಾನೆ. ಕಳೆದ ಶ್ರಾವಣದಲ್ಲಿ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದೆವು. ಅಳಿಯ ಬೆಳಿಗ್ಗೆಯೇ ಬಂದು ಜಮಖಾನೆ ಹಾಸಿದ, ಹಿರಿಯರಿಗೆ ಕುರ್ಚಿ ಹಾಕಿದ. ಆದರೆ ಮಂಗಳಾರತಿಗೆ ಕೈ ಮುಗಿಯಲಿಲ್ಲ, ತೀರ್ಥ-ಪ್ರಸಾದ ಬೇಡ ಎಂದ. ನೆಂಟರ ಎದುರು ನಮಗೆ ತಲೆ ತಗ್ಗಿಸುವಂತಾಯಿತು. ಆಮೇಲೆ ಕೇಳಿದರೆ, "ಅಮ್ಮಾ, ಗುಡಿ, ಬಲಿ, ನೈವೇದ್ಯ ಎಲ್ಲಾ ನಮ್ಮ ಧರ್ಮಗ್ರಂಥದಲ್ಲೂ ಹಿಂದೆ ಇದ್ದವು. ಯೇಸುಸ್ವಾಮಿಯಿಂದ ಅವು ಪೂರ್ತಿಯಾದವು. ಈಗ ನಡೆಸೋ ಬದುಕೇ ಆರಾಧನೆ" ಎಂದ. ಈಗ ಮಗಳೂ ಅದೇ ಮಾತಾಡುತ್ತಾಳೆ. ಹಾಗಾದರೆ ನಮ್ಮ ಪೂಜೆ ಮುಗಿದು ಹೋದ ಕಾಲದ್ದೇ? ಕಥೆಯಲ್ಲಿ ಕಲಾವತಿ ಪ್ರಸಾದ ಬಿಟ್ಟದ್ದಕ್ಕೆ ಗಂಡನ ಹಡಗು ಮುಳುಗಿತು ಎಂದು ಕೇಳಿದಾಗಿನಿಂದ ನನ್ನ ಎದೆಯಲ್ಲಿ ಅಳುಕು. ಮುಂದಿನ ಪೂಜೆಗೆ ಅಳಿಯನನ್ನು ಕರೆಯಬೇಕೇ, ಬೇಡವೇ?
— ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ಅಳಿಯನಿಗೆ ದೋಷ ತಟ್ಟುತ್ತದೆಯೇ? ನಮ್ಮ ಪೂಜೆ ಕಾಲ ಮುಗಿದದ್ದೇ? ಮುಂದೆ ಹೇಗೆ ನಡೆದುಕೊಳ್ಳಬೇಕು? ಮೊದಲನೆಯದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಹೆತ್ತ ಕರುಳು ಕೊನೆಯ ಸಾಲಿನ ತನಕ ಕಾಯುವುದಿಲ್ಲ. ದೋಷವಿಲ್ಲ. ನಿಶ್ಚಿಂತೆಯಿಂದಿರಿ.

ಕಾರಣ ಕೇಳಿರಿ. ಕಥೆಯಲ್ಲಿ ಪ್ರಸಾದ ಬಿಟ್ಟವರು ಇಬ್ಬರು. ಕಲಾವತಿ ಪೂಜೆಯಲ್ಲಿದ್ದವಳು, ಆ ವ್ರತ ಅವಳ ತಂದೆ ಹರಕೆ ಹೊತ್ತದ್ದು. ಗಂಡ ಬಂದ ಎಂಬ ಸಡಗರದಲ್ಲಿ ತನ್ನದೇ ವ್ರತವನ್ನು ಅರ್ಧಕ್ಕೆ ಬಿಟ್ಟು ಓಡಿದಳು. ತುಂಗಧ್ವಜ ರಾಜ ಕಾಡಿನಲ್ಲಿ ಗೊಲ್ಲರು ಪ್ರೀತಿಯಿಂದ ಕೊಟ್ಟ ಪ್ರಸಾದವನ್ನು ತಾನು ದೊಡ್ಡವ, ಅವರು ಸಣ್ಣವರು ಎಂಬ ಸೊಕ್ಕಿನಿಂದ ಬಿಟ್ಟ. ಒಬ್ಬಳದು ಮರೆವು, ಒಬ್ಬನದು ಅಹಂಕಾರ. ನಿಮ್ಮ ಅಳಿಯ ವ್ರತ ಹಿಡಿದವನಲ್ಲ, ಆದ್ದರಿಂದ ಮುರಿದವನೂ ಅಲ್ಲ. ಸೊಕ್ಕಿನವನಾಗಿದ್ದರೆ ಜಮಖಾನೆ ಹಾಸುತ್ತಿದ್ದನೇನು? ಕಥೆ ನಮಗೆ ಎಚ್ಚರಿಕೆ ಹೇಳಲಿಕ್ಕೆ ಇದೆ, ಬೀಗರ ಮಗನನ್ನು ಹೆದರಿಸಲಿಕ್ಕೆ ಅಲ್ಲ.

ಇನ್ನು ಎರಡನೆಯ ಪ್ರಶ್ನೆ. ಅದು ನಿಮ್ಮೊಬ್ಬರದಲ್ಲ. ಇವತ್ತು ಹುಬ್ಬಳ್ಳಿ, ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಕೇಳುವ ಪ್ರಶ್ನೆ. ಹಾಗಾಗಿ ಸ್ವಲ್ಪ ವಿಸ್ತಾರವಾಗಿ ನೋಡೋಣ. ನಿಮ್ಮ ಅಳಿಯ ಹೇಳಿದ ಮಾತು ಅರ್ಥವಾಗಬೇಕಾದರೆ ಅವರ ಹಳೆಯ ಗುಡಿ ಹೇಗಿತ್ತು ಎಂದು ತಿಳಿಯಬೇಕು.

ಯೇಸು ಹುಟ್ಟಿದ್ದು ಯೆಹೂದ್ಯರ ಕುಲದಲ್ಲಿ. ಯೆಹೂದ್ಯರಿಗೆ ಇದ್ದದ್ದು ಒಂದೇ ಮಹಾದೇವಾಲಯ, ಯೆರೂಸಲೇಮಿನದು. ಅಲ್ಲಿ ನಿತ್ಯ ಬೆಳಿಗ್ಗೆ ಒಂದು, ಸಂಜೆ ಒಂದು ಕುರಿಮರಿಯ ಬಲಿ. ಎರಡು ಹೊತ್ತು ಧೂಪ. ಎಣ್ಣೆಯ ದೀಪಸ್ತಂಭ. ದೇವರ ಮುಂದೆ ಹನ್ನೆರಡು ರೊಟ್ಟಿಗಳನ್ನು ಇಟ್ಟು, ವಾರಕ್ಕೊಮ್ಮೆ ಹೊಸದು ಇಟ್ಟಾಗ ಹಳೆಯದನ್ನು ಯಾಜಕರು ತಿನ್ನುತ್ತಿದ್ದರು. ಯಾಜಕತ್ವ ವಂಶದಿಂದ ಬರುತ್ತಿತ್ತು. ಸೇವೆಗೆ ಮುಂಚೆ ಕೈಕಾಲು ತೊಳೆಯಬೇಕು, ಅದಕ್ಕೆಂದೇ ಬೇರೆ ಬಟ್ಟೆ ಉಡಬೇಕು. ಪ್ರಾಕಾರದ ಮೇಲೆ ಪ್ರಾಕಾರ. ಹೊರಗಿನವರು ಎಲ್ಲಿಯ ತನಕ, ಹೆಂಗಸರು ಎಲ್ಲಿಯ ತನಕ, ಗಂಡಸರು ಎಲ್ಲಿಯ ತನಕ ಎಂದು ಗೆರೆ ಇತ್ತು. ಎಲ್ಲಕ್ಕೂ ಒಳಗಿನ ಗರ್ಭಗೃಹದಂಥ ಜಾಗಕ್ಕೆ ಮಹಾಯಾಜಕ ಒಬ್ಬನೇ, ವರ್ಷಕ್ಕೆ ಒಂದೇ ದಿನ, ಪ್ರಾಯಶ್ಚಿತ್ತಕ್ಕಾಗಿ ಹೋಗುತ್ತಿದ್ದ. ಕುರಿ ಕೊಡಲಾಗದ ಬಡವ ಎರಡು ಪಾರಿವಾಳ ಕೊಟ್ಟರೂ ನಡೆಯುತ್ತಿತ್ತು. ಒಂದೇ ವ್ಯತ್ಯಾಸ, ಒಳಗೆ ಮೂರ್ತಿ ಇರಲಿಲ್ಲ.

ಇದನ್ನು ಓದಿದರೆ ನಮ್ಮ ಕಡೆಯವರಿಗೆ ಪರಕೀಯ ಅನ್ನಿಸುವುದಿಲ್ಲ, ಅಲ್ರಿ? ಅದನ್ನು ಕನ್ನಡಕ್ಕೆ ತಂದವರಿಗೂ ಅನ್ನಿಸಲಿಲ್ಲ. ಕನ್ನಡ ಬೈಬಲ್ ತೆಗೆದು ನೋಡಿರಿ: ಯಜ್ಞವೇದಿ, ಸರ್ವಾಂಗಹೋಮ, ಧಾನ್ಯನೈವೇದ್ಯ, ಯಾಜಕ, ಪ್ರಾಯಶ್ಚಿತ್ತ. ಎಲ್ಲಾ ನಾವು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಮಾತುಗಳೇ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಅವರಲ್ಲೊಬ್ಬರು ಕಿಟೆಲ್ ಸಾಹೇಬರು. 1894ರ ಅವರ ನಿಘಂಟು ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ, 1872ರಲ್ಲಿ, ಅವರು ಯಜ್ಞವನ್ನೇ ವಿಷಯವಾಗಿ ಇಟ್ಟುಕೊಂಡು 'ಯಜ್ಞಸುಧಾನಿಧಿ' ಎಂಬ ಪುಸ್ತಿಕೆ ಹೊರತಂದರು ಎಂಬುದು ಕೆಲವರಿಗೇ ಗೊತ್ತು. ಯಜ್ಞ ಎಂಬ ಮಾತು ಇಬ್ಬರಿಗೂ ದೊಡ್ಡದು ಎಂದು ಅವರಿಗೆ ತಿಳಿದಿತ್ತು.

ಹಾಗಾದರೆ ಆ ಗುಡಿ ಏನಾಯಿತು? ಕ್ರಿ.ಪೂ. 586ರಲ್ಲಿ ಬಾಬಿಲೋನಿನವರು ಒಮ್ಮೆ ಸುಟ್ಟರು. ಮತ್ತೆ ಕಟ್ಟಿದರು. ಕ್ರಿ.ಶ. 70ರಲ್ಲಿ ರೋಮನ್ನರು ಮತ್ತೊಮ್ಮೆ ಕೆಡವಿದರು. ಆಮೇಲೆ ಅದು ಏಳಲೇ ಇಲ್ಲ. ನಮ್ಮ ಅಣ್ಣಿಗೇರಿಯಲ್ಲೂ ಇಂಥದ್ದು ನಡೆದಿದೆ. ಚೋಳರ ದಂಡು ಬೆಳ್ವೊಲ ನಾಡಿನ ಮೇಲೆ ಬಂದಾಗ ಇಲ್ಲಿನ ಗಂಗಪೆರ್ಮಾಡಿ ಬಸದಿಯನ್ನು ಸುಟ್ಟಿತು ಎಂದು ಶಾಸನ ಹೇಳುತ್ತದೆ. ಆದರೆ 1071-72ರ ಹೊತ್ತಿಗೆ ಅಧಿಕಾರಿ ಲಕ್ಷ್ಮರಸ ಅದನ್ನು ಜೀರ್ಣೋದ್ಧಾರ ಮಾಡಿಸಿದ, ಪೂಜೆ ಮತ್ತೆ ಸಾಗಿತು. ಯೆಹೂದ್ಯರಿಗೆ ಆ ಭಾಗ್ಯ ಬರಲಿಲ್ಲ. ಬಲಿ ಕೊಡಲು ಬೇರೆ ಜಾಗಕ್ಕೆ ಶಾಸ್ತ್ರದ ಒಪ್ಪಿಗೆಯೂ ಇರಲಿಲ್ಲ. ಅವರು ಬಲಿಯ ಜಾಗದಲ್ಲಿ ಪ್ರಾರ್ಥನೆಯನ್ನೂ ಶಾಸ್ತ್ರಾಧ್ಯಯನವನ್ನೂ ಇಟ್ಟುಕೊಂಡು ಇಂದಿಗೂ ಬಾಳುತ್ತಿದ್ದಾರೆ.

ಕ್ರೈಸ್ತರ ದಾರಿ ಬೇರೆ. ಯೇಸುವಿನ ಮೊದಲ ಶಿಷ್ಯರೂ ಆ ಗುಡಿಗೇ ಹೋಗಿ ಪ್ರಾರ್ಥನೆ ಮಾಡುತ್ತಿದ್ದರು, ಮನೆಗಳಲ್ಲಿ ಕೂಡಿ ಊಟ ಮಾಡುತ್ತಿದ್ದರು. ಆದರೆ ಶಿಲುಬೆಯ ಮೇಲೆ ಯೇಸು ಪ್ರಾಣ ಕೊಟ್ಟದ್ದೇ ಕೊನೆಯ ಬಲಿ, ಇನ್ನು ಮುಂದೆ ಪ್ರಾಣಿಯ ರಕ್ತ ಬೇಕಾಗಿಲ್ಲ ಎಂಬುದು ಅವರ ನಂಬಿಕೆಯಾಯಿತು. ಬಾವಿಯ ಬಳಿ ಸಮಾರ್ಯದ ಹೆಂಗಸೊಬ್ಬಳು ಯೇಸುವಿನ ಮುಂದೆ ವಾದ ತೆಗೆಯುತ್ತಾಳೆ: ದೇವರನ್ನು ಈ ಬೆಟ್ಟದಲ್ಲಿ ಆರಾಧಿಸಬೇಕೋ, ಯೆರೂಸಲೇಮಿನಲ್ಲೋ? ಜಾಗದ ಮಾತು ಮುಗಿಯುವ ಕಾಲ ಬರುತ್ತದೆ ಎಂಬುದು ಆತನ ಉತ್ತರದ ತಾತ್ಪರ್ಯ. ಮುಂದೆ ಪೌಲ ಎಂಬ ಶಿಷ್ಯ ಭಕ್ತರ ದೇಹವೇ ಗುಡಿ, ಅವರ ಜೀವನವೇ ಅರ್ಪಣೆ ಎಂದು ಬರೆದ. ನಿಮ್ಮ ಅಳಿಯ ಹೇಳಿದ್ದು ಈ ಮಾತನ್ನೇ.

ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿರಿ. 'ಪೂರ್ತಿಯಾಯಿತು' ಎಂಬುದು ಬೇರೆ, 'ಸುಳ್ಳು' ಎಂಬುದು ಬೇರೆ. ಸಾಲ ತೀರಿತು ಎನ್ನುವವನು ಸಾಲ ಇರಲೇ ಇಲ್ಲ ಎನ್ನುವುದಿಲ್ಲ. ಹಳೆಯ ಬಲಿ ನಿಜವಾಗಿತ್ತು, ಅದರ ಅರ್ಥ ಒಬ್ಬನಲ್ಲಿ ನೆರವೇರಿತು ಎಂಬುದು ಕ್ರೈಸ್ತರ ತಿಳುವಳಿಕೆ. ಅದು ಅವರ ಗುಡಿಯ ಬಗ್ಗೆ ಅವರು ಆಡಿದ ಮಾತು. ಅದನ್ನು ಎತ್ತಿಕೊಂಡು "ಪೂಜೆ ಎಂಬುದೇ ಹಳೇ ಕಾಲದ್ದು" ಎಂದು ನಿಮ್ಮ ಮಗಳು ನಮ್ಮ ಮನೆಗೆ ಅನ್ವಯ ಮಾಡಿದರೆ ಅದು ಅಳಿಯನ ಧರ್ಮಕ್ಕೂ ಸರಿಯಲ್ಲ, ನಮ್ಮದಕ್ಕೂ ಸರಿಯಲ್ಲ.

ಅಲ್ಲದೆ ಕ್ರೈಸ್ತರಲ್ಲೂ ಆಚರಣೆ ಹೋಗಿಲ್ಲ. ಕಥೋಲಿಕರು ತಮ್ಮ ಮುಖ್ಯ ಆರಾಧನೆಗೆ ಕನ್ನಡದಲ್ಲಿ 'ಬಲಿಪೂಜೆ' ಎಂದೇ ಹೇಳುತ್ತಾರೆ. ಅದನ್ನು ನಡೆಸುವ ಜಾಗ 'ಬಲಿಪೀಠ', ಕೊಡುವ ರೊಟ್ಟಿ 'ಪರಮಪ್ರಸಾದ'. ಆ ಒಂದೇ ಬಲಿ ಅಲ್ಲಿ ಮತ್ತೆ ಸನ್ನಿಹಿತವಾಗುತ್ತದೆ ಎಂಬುದು ಅವರ ಭಾವನೆ. 1962ರಿಂದ 1965ರ ತನಕ ರೋಮಿನಲ್ಲಿ ನಡೆದ ಮಹಾಸಭೆಯ ಆಮೇಲೆ ಲ್ಯಾಟಿನ್ ಬದಲು ಜನರ ಭಾಷೆಯಲ್ಲಿ ಪೂಜೆ ಶುರುವಾಯಿತು. ಭಾರತದ ಕಥೋಲಿಕರು ಆರತಿ, ದೀಪ, ಕೈ ಮುಗಿಯುವ ಪದ್ಧತಿಗಳಿಗೂ ಜಾಗ ಕೊಟ್ಟರು. ನಮ್ಮ ಧಾರವಾಡ ಭಾಗದ ಬಾಸೆಲ್ ಮಿಷನ್ ಪರಂಪರೆಯವರು ಪ್ರೊಟೆಸ್ಟಂಟರು. ಅವರು 'ಪೂಜೆ' ಎನ್ನುವುದಿಲ್ಲ, 'ಆರಾಧನೆ' ಎನ್ನುತ್ತಾರೆ. ಅವರಲ್ಲಿ ವಾಕ್ಯದ ಓದು, ಉಪದೇಶ, ಕೀರ್ತನೆ ಮುಖ್ಯ. ಹೊಸ ಸಭೆಗಳಲ್ಲಿ ಗಿಟಾರು, ಡ್ರಮ್ಮು, ಚಪ್ಪಾಳೆ. ಅಲ್ಲಿ ಹುಡುಗರಿಗೆ ಆರಾಧನೆ ಎಂದರೆ ಹಾಡು ಹೇಳುವುದು ಎಂದಾಗಿಬಿಟ್ಟಿದೆ. ಹಾಡಷ್ಟೇ ಆರಾಧನೆಯಲ್ಲ, ಸೋಮವಾರದಿಂದ ಶನಿವಾರದ ತನಕದ ನಡತೆ ಎಲ್ಲಿ ಹೋಯಿತು ಎಂದು ಅವರ ಹಿರಿಯರೇ ಕೇಳುತ್ತಾರೆ. ಕೇಳಿದರೆ ನಮ್ಮ ಮಠದ ಪ್ರವಚನ ಕೇಳಿದಂತೆಯೇ ಇರುತ್ತದೆ!

ಈಗ ನಮ್ಮ ಮನೆಯ ಕಡೆ ತಿರುಗೋಣ. ಬಲಿಯನ್ನು ದಾಟಿ ಬಂದವರು ಅವರಷ್ಟೇ ಅಲ್ಲ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ನಮ್ಮ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಪಂಪನ ತಮ್ಮ ಜಿನವಲ್ಲಭ ಬರೆಸಿದ ಕುರ್ಕ್ಯಾಲ ಶಾಸನ ಇದನ್ನು ಹೇಳುತ್ತದೆ. ಪಂಪನ ಹಿರಿಯ ಮಾಧವ ಸೋಮಯಾಜಿ ದೊಡ್ಡ ಯಜ್ಞಗಳನ್ನು ಮಾಡಿದವನು. ಪಂಪನ ತಂದೆಯ ಹೊತ್ತಿಗೆ ಆ ಮನೆ ಜೈನಧರ್ಮಕ್ಕೆ ಬಂದಿತ್ತು. ಆ ಹಿರಿಯನ ಕೀರ್ತಿಯನ್ನು ಹೋಮದ ಹೊಗೆ ಕಪ್ಪು ಮಾಡಿತು ಎಂಬ ಅರ್ಥದ ಮಾತನ್ನು ಪಂಪನೇ ಬರೆದಿಟ್ಟಿದ್ದಾನೆ. ಒಂದೇ ವಂಶ, ಒಬ್ಬನಿಗೆ ಯಜ್ಞ ಪುಣ್ಯ, ಪಂಪನಿಗೆ ಅದೇ ಕಳಂಕ. ಆದರೂ ಪಂಪ ತನ್ನ ಹಿರಿಯನ ಹೆಸರನ್ನು ಮುಚ್ಚಿಡಲಿಲ್ಲ, ವಂಶಾವಳಿಯಲ್ಲಿ ಗೌರವದಿಂದ ಹೇಳಿದ. ಭಿನ್ನಾಭಿಪ್ರಾಯ ಇಟ್ಟುಕೊಂಡು ಬಳಗ ಉಳಿಸಿಕೊಳ್ಳುವುದು ಹೇಗೆ ಎಂಬುದಕ್ಕೆ ನಿಮಗೆ ಬೇರೆ ದೃಷ್ಟಾಂತ ಬೇಕಿಲ್ಲ.

ವೈದಿಕರೂ ಸುಮ್ಮನೆ ಕೂತಿರಲಿಲ್ಲ. ಮಾಧ್ವ ಸಂಪ್ರದಾಯದಲ್ಲಿ ಪಶುವಿನ ಬದಲು ಹಿಟ್ಟಿನ ಪಿಷ್ಟಪಶು ಬಂತು. ಇವತ್ತು ನೀವು ಒಡೆಯುವ ತೆಂಗಿನಕಾಯಿ, ಆಯುಧಪೂಜೆಯ ದಿನ ಒಡೆಯುವ ಬೂದುಗುಂಬಳ ಇವನ್ನೂ ಬಲಿಯ ಜಾಗದಲ್ಲಿ ಬಂದವು ಎಂದೇ ಹಿರಿಯರು ಹೇಳುತ್ತಾರೆ. ಇನ್ನು 'ಬದುಕೇ ಆರಾಧನೆ' ಎಂಬ ಮಾತು. ಮಗಳಿಗೆ ಹೇಳಿರಿ, ಅದನ್ನು ಕೇಳಲಿಕ್ಕೆ ಅವಳು ತವರು ಬಿಟ್ಟು ಹೋಗಬೇಕಾಗಿರಲಿಲ್ಲ. ಛಾಂದೋಗ್ಯ ಉಪನಿಷತ್ತಿನ ಮೂರನೇ ಅಧ್ಯಾಯ ಮನುಷ್ಯನ ಆಯುಷ್ಯವನ್ನೇ ಯಜ್ಞ ಎಂದು ಎಣಿಸುತ್ತದೆ. ಮೊದಲ 24 ವರ್ಷ ಪ್ರಾತಃಸವನ, ಮುಂದಿನ 44 ಮಾಧ್ಯಂದಿನ ಸವನ, ಕೊನೆಯ 48 ತೃತೀಯ ಸವನ. ಆ ಯಜ್ಞಕ್ಕೆ ದಕ್ಷಿಣೆ ಏನು? ತಪಸ್ಸು, ದಾನ, ನೇರ ನಡತೆ, ಅಹಿಂಸೆ, ಸತ್ಯ. ಹಣ ಅಲ್ಲ. ಗೀತೆಯ ನಾಲ್ಕನೇ ಅಧ್ಯಾಯದಲ್ಲೂ ಶ್ರೀಕೃಷ್ಣ ದ್ರವ್ಯ, ತಪಸ್ಸು, ಸ್ವಾಧ್ಯಾಯ, ಜ್ಞಾನ ಎಂದು ಹಲವು ಯಜ್ಞಗಳನ್ನು ಹೇಳುತ್ತಾನೆ. ಹನ್ನೆರಡನೇ ಶತಮಾನದಲ್ಲಿ ನಮ್ಮ ಶರಣರು ಕಲ್ಲಿನ ಗುಡಿಗಿಂತ ನಡೆದಾಡುವ ದೇಹವನ್ನು ಮೇಲೆ ಇಟ್ಟರು, ಕಾಯಕವನ್ನೇ ಪೂಜೆ ಮಾಡಿದರು.

ಹಾಗಾದರೆ ಇಬ್ಬರದೂ ಒಂದೇ ಆಯಿತಲ್ಲ ಎಂದು ನೀವು ಕೇಳಬಹುದು. ಇಲ್ಲ ತಾಯಿ. "ಎಲ್ಲಾ ಒಂದೇ" ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಅದು ಇಬ್ಬರಿಗೂ ಮಾಡುವ ಅನ್ಯಾಯ. ವ್ಯತ್ಯಾಸ ಋಣದಲ್ಲಿ ಇದೆ. ಕ್ರೈಸ್ತರಿಗೆ ದೇವರ ಸಾಲವನ್ನು ಒಬ್ಬನು ಎಲ್ಲರ ಪರವಾಗಿ ಒಮ್ಮೆಗೇ ತೀರಿಸಿದ. ಇನ್ನು ಉಳಿದದ್ದು ಕೃತಜ್ಞತೆ; ಬದುಕಿಡೀ ಅದನ್ನು ತೋರಿಸಬೇಕು. ನಮಗೆ ಋಣ ದಿನವೂ ಹುಟ್ಟುತ್ತದೆ. ಇವತ್ತಿನ ಗಾಳಿ, ಇವತ್ತಿನ ನೀರು, ಇವತ್ತಿನ ಅನ್ನ. ದೇವ, ಋಷಿ, ಪಿತೃ, ಮನುಷ್ಯ, ಪ್ರಾಣಿ ಎಂದು ಐದು ಕಡೆಯ ಋಣಕ್ಕೆ ಗೃಹಸ್ಥನಿಗೆ ಪಂಚಮಹಾಯಜ್ಞ ಹೇಳಿದ್ದು ಅದಕ್ಕೇ. ನಿನ್ನೆ ಸಂಧ್ಯಾವಂದನೆ ಮಾಡಿದೆ, ಇವತ್ತು ರಜೆ ಎನ್ನುವ ಹಾಗಿಲ್ಲ. ನಿನ್ನೆ ಉಂಡವನಿಗೆ ಇವತ್ತು ಹಸಿವೆ ಆಗುತ್ತದಲ್ಲ, ಹಾಗೆ. ಆದ್ದರಿಂದ ನಮ್ಮ ಪೂಜೆ 'ಮುಗಿದು ಹೋದದ್ದು' ಆಗಲಿಕ್ಕೆ ಸಾಧ್ಯವಿಲ್ಲ. ಅದು ಮುಗಿಯುವ ಜಾತಿಯದೇ ಅಲ್ಲ.

ಎರಡು ದಾರಿಯಲ್ಲೂ ಒಂದೊಂದು ಕುಳಿ ಇದೆ. ಬದುಕೆಲ್ಲಾ ಆರಾಧನೆ ಎನ್ನುವವನಿಗೆ ಆರಾಧನೆಗೆಂದು ಒಂದು ಗಳಿಗೆಯೂ ಸಿಗದೆ ಹೋಗುವ ಅಪಾಯ. ಅದಕ್ಕೇ ಅವರೂ ಭಾನುವಾರವನ್ನು ಬಿಟ್ಟಿಲ್ಲ. ಹೊತ್ತು-ಹೊತ್ತಿಗೆ ಪೂಜೆ ಎನ್ನುವವನಿಗೆ ಗಂಟೆ ನಿಂತ ಮೇಲೆ ದೇವರ ಹಂಗು ಮುಗಿಯಿತು ಎನ್ನಿಸುವ ಅಪಾಯ. ನಾವು ಪುರೋಹಿತರು ಎಷ್ಟು ಮನೆ ನೋಡುತ್ತೇವೆ! ಒಳಗೆ ನಾವು ಮಂತ್ರ ಹೇಳುತ್ತಿರುತ್ತೇವೆ, ಯಜಮಾನರು ಕೈಯಲ್ಲಿ ಅಕ್ಷತೆ ಹಿಡಿದು ಇನ್ನೊಂದು ಕೈಯಲ್ಲಿ ಮೊಬೈಲ್ ಒತ್ತುತ್ತಿರುತ್ತಾರೆ. ಪೂಜೆ ಮುಗಿದ ಅರ್ಧ ತಾಸಿಗೆ ಮನೆಕೆಲಸದವಳ ಪಗಾರ ಹಿಡಿಯುವ ಮಾತು. ಯೆಹೂದ್ಯರ ಆಮೋಸ, ಯೆಶಾಯ ಎಂಬ ಪ್ರವಾದಿಗಳು ಗುಡಿ ಇನ್ನೂ ನಿಂತಿದ್ದ ಕಾಲದಲ್ಲೇ ಇದನ್ನು ಗದರಿದ್ದರು: ಬಡವರನ್ನು ತುಳಿದು ತಂದ ಬಲಿ ದೇವರಿಗೆ ಬೇಡ ಎಂದು. ಗುಡಿ ಬೀಳುವುದಕ್ಕೆ ಎಷ್ಟೋ ಶತಮಾನ ಮೊದಲೇ ಹೇಳಿದ ಮಾತು ಅದು. ಅಂದರೆ ಆಚರಣೆ ಮತ್ತು ನಡತೆ ಎರಡನ್ನೂ ಕೂಡಿಸಬೇಕು ಎಂಬುದು ಹೊಸ ಧರ್ಮ-ಹಳೆ ಧರ್ಮದ ಜಗಳವಲ್ಲ, ಪ್ರತಿ ಮನೆಯ ದಿನನಿತ್ಯದ ಪರೀಕ್ಷೆ.

ನಮ್ಮೂರ ಅಮೃತೇಶ್ವರನ ಗುಡಿ ಸುಮಾರು 1050ರ ಹೊತ್ತಿನದು, 76 ಕಂಬಗಳು. ಕಟ್ಟಿಸಿದ ಚಾಲುಕ್ಯರ ರಾಜ್ಯ ಹೋಯಿತು. ಅದರ ಕಂಬಗಳಲ್ಲಿ ಯಾವುದೂ ಶಿವನಿಗೆ ನೆರಳಾಗಲಿ ಎಂದು ನಿಂತದ್ದಲ್ಲ, ಬಂದು ಕೂತವನ ಮನಸ್ಸು ಸ್ವಲ್ಪ ತಂಪಾಗಲಿ ಎಂದು. ದೇವರಿಗೆ ಗುಡಿ ಬೇಕಾಗಿಲ್ಲ, ನಮಗೆ ಬೇಕು. ಇದನ್ನು ಒಪ್ಪಿದರೆ ಪೂಜೆ ಸಣ್ಣದಾಗುವುದಿಲ್ಲ.

ಇನ್ನು ಪ್ರಸಾದದ ಮಾತು. ಅಳಿಯ ಬೇಡ ಎಂದದ್ದು ಅವಮಾನ ಎಂದು ನೆಂಟರು ತಿಳಿದರು. ನಾನು ಬೇರೆ ರೀತಿ ನೋಡುತ್ತೇನೆ. ಪೌಲನ ಕಾಲದಲ್ಲಿ ಕೊರಿಂಥ ಎಂಬ ಊರಿನಲ್ಲಿ ಇದೇ ಪ್ರಶ್ನೆ ಎದ್ದಿತ್ತು: ಬೇರೆ ದೇವರಿಗೆ ಅರ್ಪಿಸಿದ ಪದಾರ್ಥ ತಿನ್ನಬಹುದೋ, ಬಾರದೋ? ಯಾರ ಪಂಕ್ತಿಯಲ್ಲಿ ಉಣ್ಣುತ್ತೀಯೋ ಆ ದೇವರ ಜೊತೆ ನಂಟು ಬೆಳೆಯುತ್ತದೆ ಎಂಬ ಭಾವನೆಯಿಂದ ಅನೇಕ ಕ್ರೈಸ್ತರು ಇಂದಿಗೂ ಬಿಡುತ್ತಾರೆ. ಕೆಲವರು ಸ್ನೇಹಕ್ಕೆಂದು ತೆಗೆದುಕೊಳ್ಳುವುದೂ ಉಂಟು. ಬಿಡುವವನು ಏನು ಹೇಳುತ್ತಿದ್ದಾನೆ ವಿಚಾರ ಮಾಡಿರಿ. ನೈವೇದ್ಯವಾದ ಸಪಾದ ಬರೀ ರವೆ-ಸಕ್ಕರೆ ಅಲ್ಲ, ಅದು ದೇವರಿಗೆ ಸೇರಿದ್ದು ಎಂದು ಅವನೂ ಒಪ್ಪಿದಂತಾಯಿತು. ಬರೀ ಸಿಹಿ ಎಂದು ಎರಡೆರಡು ಸಲ ಕೇಳಿ ತಿಂದು, ಕಥೆ ಹೇಳುವಾಗ ಹೊರಗೆ ಹರಟೆ ಹೊಡೆಯುವ ನಮ್ಮವರಿಗಿಂತ ಅವನು ಪ್ರಸಾದಕ್ಕೆ ಹೆಚ್ಚು ತೂಕ ಕೊಟ್ಟ. ಚಾತುರ್ಮಾಸ್ಯದಲ್ಲಿ ಪರಾನ್ನ ಬಿಟ್ಟವರು ನಿಮ್ಮ ಮನೆಯಲ್ಲಿ ಊಟ ಒಲ್ಲೆ ಎಂದರೆ ನೀವು ಬೇಸರಿಸುವುದಿಲ್ಲ. ಇದನ್ನೂ ಒಂದು ನೇಮ ಎಂದೇ ತಿಳಿಯಿರಿ.

ಅದೇ ನ್ಯಾಯ ನಿಮಗೂ ಇದೆ. ನಾಳೆ ನೀವು ಕಥೋಲಿಕರ ಚರ್ಚಿಗೆ ಮದುವೆಗೋ ಹಬ್ಬಕ್ಕೋ ಹೋದಾಗ ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಲ್ಲಬೇಡಿರಿ. ದೀಕ್ಷಾಸ್ನಾನ ಆದ ಅವರ ಸಭೆಯವರಿಗೆ ಮಾತ್ರ ಅದು. ಕೊಡಲಿಲ್ಲ ಎಂದು ಮನಸ್ಸು ಸಣ್ಣ ಮಾಡಿಕೊಳ್ಳಲೂ ಬೇಡಿರಿ.

ಈಗ ನಡೆಯಬೇಕಾದ ರೀತಿ ಹೇಳುತ್ತೇನೆ.

ಅಳಿಯನನ್ನು ಕರೆಯಿರಿ, ತಪ್ಪದೆ ಕರೆಯಿರಿ. ಆದರೆ ಮುಂಚೆಯೇ ಕೇಳಿರಿ: "ಪೂಜೆಯ ಹೊತ್ತಿಗೆ ಬರ್ತೀರೋ, ಊಟದ ಹೊತ್ತಿಗೋ?" ಎರಡೂ ಗೌರವವೇ. ಸಂಕಲ್ಪವನ್ನು ನೀವು ದಂಪತಿ ಮಾಡಿರಿ. ಮಗಳು-ಅಳಿಯನನ್ನು ಮಣೆಯ ಮೇಲೆ ಕೂಡಿಸಿ, ಅವನಿಗೆ ಇಲ್ಲದ ಗೋತ್ರ ಹುಡುಕಿ ಹೇಳಿಸುವ ಗೋಜು ಬೇಡ. ಮನಸ್ಸಿಲ್ಲದವನ ಬಾಯಿಂದ ಸಂಕಲ್ಪ ಹೇಳಿಸಿದರೆ ಅದು ಸಂಕಲ್ಪವೇ ಅಲ್ಲ.

ಊಟದ ವಿಷಯ. ಹಲವು ಮನೆಗಳಲ್ಲಿ ನೈವೇದ್ಯದ ಬಟ್ಟಲನ್ನು ಆಮೇಲೆ ಇಡೀ ಅಡಿಗೆಗೆ ಕೂಡಿಸುತ್ತಾರೆ. ಆ ದಿನ ಕೂಡಿಸಬೇಡಿರಿ. ನೈವೇದ್ಯದ್ದನ್ನು ಬೇರೆ ಇಟ್ಟು ಪ್ರಸಾದ ಎಂದು ಬೇಕಾದವರಿಗೆ ಕೊಡಿರಿ. ಉಳಿದ ಅಡಿಗೆಯನ್ನು ಅಳಿಯನಿಗೆ ಬಡಿಸಿರಿ, ಮತ್ತು ಹೀಗೆ ಮಾಡಿದ್ದೇನೆ ಎಂದು ಅವನಿಗೆ ತಿಳಿಸಿರಿ. ಗೊತ್ತಿಲ್ಲದೆ ತಿನ್ನಿಸಿ "ಏನಾಯಿತು ನೋಡು" ಎಂದು ನಗುವುದು ಮೋಸ. ಆ ಪ್ರಸಾದ ಯಾರಿಗೂ ಫಲ ಕೊಡುವುದಿಲ್ಲ.

ನೆಂಟರು ಕೇಳಿದರೆ ನೀವೇ ಮುಂದಾಗಿ ಹೇಳಿರಿ: "ಅವರ ನೇಮ ಅವರಿಗೆ, ನಾವೇ ಹೇಳಿದ್ದೇವೆ." ಆಗ ಅವನ ಮರ್ಯಾದೆಯೂ ಉಳಿಯಿತು, ನಿಮ್ಮದೂ ಉಳಿಯಿತು. ಮನೆಯ ಹಿರಿಯರು ಬಾಯಿ ತೆರೆಯದಿದ್ದರೆ ಹೊರಗಿನವರ ಬಾಯಿ ಉದ್ದವಾಗುತ್ತದೆ.

ಮಗಳ ವಿಷಯ. ಅವಳ ಜೊತೆ ವಾದಕ್ಕೆ ಇಳಿಯಬೇಡಿರಿ. ಛಾಂದೋಗ್ಯದ ಐದು ದಕ್ಷಿಣೆಗಳನ್ನು ಅವಳಿಗೆ ಹೇಳಿರಿ, ಅಳಿಯನ ಎದುರಿಗೇ ಹೇಳಿರಿ. "ಬದುಕೇ ಆರಾಧನೆ ಅಂತ ನಮ್ಮವರೂ ಹೇಳ್ಯಾರ, ಆದರ ದೀಪ ಹಚ್ಚೋದನ್ನ ಬಿಡ್ರಿ ಅಂತ ಹೇಳಿಲ್ಲ" ಎನ್ನಿರಿ. ತವರಿನ ಪೂಜೆಯನ್ನು ಅವಳು ತಿಳಿದು ಬಿಡುವುದು ಬೇರೆ, ತಿಳಿಯದೆ ಬಿಡುವುದು ಬೇರೆ. ತಿಳಿಸಿಕೊಡುವುದು ನಿಮ್ಮ ಋಣ. ಹಿಡಿಯುವುದು-ಬಿಡುವುದು ವಯಸ್ಸಿಗೆ ಬಂದ ಅವಳಿಗೆ ಬಿಟ್ಟದ್ದು. ಇದು ತಾಯಿಗೆ ನೋವಿನ ಮಾತು ಎಂದು ನನಗೆ ಗೊತ್ತು. ಸಿಹಿ ಮಾತಿನಿಂದ ಅದನ್ನು ಮುಚ್ಚಲಾರೆ.

ಕೊನೆಗೆ ಒಂದು. ಬರುವ ಶ್ರಾವಣಕ್ಕೆ ಕಾಯದೆ, ನಾಳೆ ಬೆಳಿಗ್ಗೆ ನಿಮ್ಮ ದೇವರ ಮನೆಯಲ್ಲಿ ದೀಪ ಹಚ್ಚುವಾಗ ಅಳಿಯನ ಹೆಸರನ್ನೂ ಹೇಳಿ ಆಯುರಾರೋಗ್ಯ ಬೇಡಿಕೊಳ್ಳಿರಿ. ಅದಕ್ಕೆ ಅವನ ಗೋತ್ರವೂ ಬೇಡ, ಒಪ್ಪಿಗೆಯೂ ಬೇಡ, ನಿಮ್ಮ ಕರುಳು ಸಾಕು. ಅವನೂ ತನ್ನ ಪ್ರಾರ್ಥನೆಯಲ್ಲಿ ನಿಮ್ಮನ್ನು ನೆನೆಯುತ್ತಿರಬಹುದು. ಸರ್ವರಿಗೂ ಶುಭವಾಗಲಿ.